ಕೆಟ್ಟ ಯೋಚನೆಯಿಂದ ಹೊರಬರಲು ಯಾವ ದಾರಿ: ನೋಟ್‌ಬುಕ್ಕೋ, ನಡಿಗೆಯೋ, ಧ್ಯಾನವೋ, ಡಾಕ್ಟರೋ?

ಹೋದ ತಿಂಗಳು ಒಂದೇ ವಾರದಲ್ಲಿ ಮೂರು ಜನ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಒಬ್ಬಳು ಮಾನ್ವಿ ಕಡೆಯ ಹುಡುಗಿ, ರಾಯಚೂರಿನಲ್ಲಿ ರೂಮು ಮಾಡಿಕೊಂಡು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾಳೆ. ಇನ್ನೊಬ್ಬ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸ ಮಾಡುವವನು, ದೂರದ ಸಂಬಂಧದಲ್ಲಿ ನನಗೆ ಅಳಿಯ. ಮೂರನೆಯವರು ಕಾರಟಗಿಯ ರೈತರು, ನಮ್ಮ ಗಿರಣಿಗೆ ವರ್ಷಗಳಿಂದ ಭತ್ತ ತರುವವರು. ಮೂವರದ್ದೂ ಒಂದೇ ಗೋಳು. ತಲೆಯಲ್ಲಿ ಬರೀ ಕೆಟ್ಟದ್ದೇ ಓಡುತ್ತದೆ, ನಿಲ್ಲಿಸಲು ಆಗುತ್ತಿಲ್ಲ.

ಹುಡುಗಿ ಫೋನಿನಲ್ಲಿ ಹೇಳಿದ್ದು ಹೀಗೆ: "ಕಾಕಾ, ಒಬ್ಬರು ಧ್ಯಾನ ಮಾಡು ಅಂತಾರ, ಒಬ್ಬರು ವಾಕಿಂಗ್ ಹೋಗು ಅಂತಾರ, ಒಬ್ಬರು ಡಾಕ್ಟರಿಗೆ ತೋರಿಸು ಅಂತಾರ. ಎಲ್ಲಾರದೂ ಕೇಳಿ ಕೇಳಿ ತಲಿ ಮತ್ತಷ್ಟು ಕೆಟ್ಟೈತ್ರಿ. ಒಂದು ಹೇಳ್ರಿ ಸಾಕು."

ನಾನು ಡಾಕ್ಟರಲ್ಲ. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಆದರೆ ಕೆಲವು ವರ್ಷಗಳ ಹಿಂದೆ ನನಗೂ ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ಮನಸ್ಸು ಖರ್ಚಿನ ಬಾಬತ್ತೇ ಓದಲು ಶುರು ಮಾಡುತ್ತಿತ್ತು. ಜಮೆಯ ಕಡೆ ಒಂದು ಸಾಲೂ ಇಲ್ಲ. ಕೆಳಗೆ ಹೇಳುವ ದಾರಿಗಳಲ್ಲಿ ಬಹುಪಾಲು ನಾನೇ ನಡೆದು ನೋಡಿದ್ದೇನೆ. ಕೆಲವದರಲ್ಲಿ ದುಡ್ಡೂ ಕಳೆದುಕೊಂಡಿದ್ದೇನೆ.

ಮೊದಲು ಒಂದು ವಿಂಗಡಣೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ನಮ್ಮ ಕಡೆ ಅವತ್ತು ಯಾರೂ ಸರಿಯಾಗಿ ಮಲಗಿರಲಿಲ್ಲ. ಡ್ಯಾಮ್ ತುಂಬಿತ್ತು. ಆ ನೀರೆಲ್ಲ ಹೊಳೆಗೆ ಹೋದರೆ ಬೆಳೆಯ ಗತಿ ಏನು ಅನ್ನುವ ಭಯ. ಆ ಭಯ ಮನಸ್ಸಿನ ರೋಗವಲ್ಲ, ನೀರು ನಿಜವಾಗಿ ಹೋಗುತ್ತಿತ್ತು. ಅಂಥ ಹೊತ್ತಿನಲ್ಲಿ "ಪಾಸಿಟಿವ್ ಆಗಿರಿ" ಅಂದವನಿಗೆ ಬೈಗುಳವೇ ಸರಿ. ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ನೀರು ನಿಂತಿತು.

ಆದರೆ ಕೆಲವರ ತಲೆಯಲ್ಲಿ ನೀರು ಹರಿಯುವುದು ನಿಲ್ಲಲೇ ಇಲ್ಲ. ಈ ವರ್ಷ ಉಳಿದರೂ ಮುಂದಿನ ವರ್ಷ ಹೋಗೇ ಹೋಗುತ್ತೆ, ನನ್ನ ಹಣೆಬರಹವೇ ಇಷ್ಟು, ಮಗಳ ಮದುವೆ ಈ ಜನ್ಮದಲ್ಲಿ ಆಗಲ್ಲ. ಗೇಟಿನಿಂದ ಹೊರಟ ಯೋಚನೆ ಮಗಳ ಮದುವೆಗೆ ಬಂದು ನಿಂತಿತು ನೋಡಿ. ನಾವು ಇಲ್ಲಿ ಮಾತಾಡುತ್ತಿರುವುದು ಈ ಎರಡನೆಯದರ ಬಗ್ಗೆ. ಮೊದಲನೆಯದಕ್ಕೆ ಬೇಕಾದದ್ದು ಗೇಟು. ಸಾಲ ಇದ್ದರೆ ಬ್ಯಾಂಕಿನವರ ಜೊತೆ ಮಾತು, ಮನೆಯಲ್ಲಿ ಹೊಡೆಯುವವರಿದ್ದರೆ ರಕ್ಷಣೆ, ಸಂಬಳ ಬರದಿದ್ದರೆ ಸಂಬಳ. ಅದಕ್ಕೆ ಧ್ಯಾನ ಹೇಳಿಕೊಡಬಾರದು.

ಯಾವ ಅಳತೆಯಿಂದ ಅಳೆಯಬೇಕು

ನಾನು ನೋಡುವುದು ನಾಲ್ಕು. ದಿನಕ್ಕೆ ಎಷ್ಟು ಹೊತ್ತು ಬೇಕು. ಎಷ್ಟು ದುಡ್ಡು. ಮನೆಯವರಿಗೆ, ಓಣಿಯವರಿಗೆ ಹೇಳದೇ ಮಾಡಬಹುದಾ. ಸಣ್ಣ ಊರುಗಳಲ್ಲಿ ಇದು ಚಿಕ್ಕ ವಿಷಯವಲ್ಲ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ತೀರಾ ಕೆಟ್ಟ ದಿನದಲ್ಲೂ ಅದು ಕೈಗೆ ಎಟುಕುತ್ತಾ? ಮನಸ್ಸು ಚೆನ್ನಾಗಿದ್ದಾಗ ಎಲ್ಲ ದಾರಿಯೂ ಸಲೀಸು. ಹಾಸಿಗೆಯಿಂದ ಏಳಲು ಆಗದ ದಿನ ಯಾವುದು ಉಳಿಯುತ್ತದೆ ಅನ್ನುವುದು ನಿಜವಾದ ಪರೀಕ್ಷೆ.

ಇದಕ್ಕೂ ಮೊದಲು ಒಂದು ಮಾತು. ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಹೋಲಿಕೆ ಬೇಡ. ಈಗಲೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಬ್ಬರೇ ಇರಬೇಡಿ. ಮನೆಯಲ್ಲಿ ಅಂಥವರು ಇದ್ದರೆ ಹೊಲಕ್ಕೆ ಹೊಡೆಯುವ ಎಣ್ಣೆ ಡಬ್ಬಿಗಳನ್ನು ಮೊದಲು ಬೇರೆ ಮನೆಗೆ ಸಾಗಿಸಿ, ಬೀಗ ಹಾಕಿಸಿ. ಕೆಟ್ಟ ಗಳಿಗೆ ಬಂದು ಹೋಗುವ ತನಕ ಅದು ಕೈಗೆ ಸಿಗಬಾರದು.

ವಿಡಿಯೋ, ಒಳ್ಳೆ ಮಾತು, ಎರಡು ದಿನದ ತರಬೇತಿ

ಇದನ್ನು ಬೇಗ ಮುಗಿಸುತ್ತೇನೆ. ಮೊಬೈಲಿನಲ್ಲಿ ಬರುವ ಸ್ಫೂರ್ತಿಯ ವಿಡಿಯೋಗೆ ದುಡ್ಡು ಬೇಡ, ಯಾರಿಗೂ ಗೊತ್ತಾಗಲ್ಲ. ಕೇಳುವಾಗ ಮೈ ಜುಂ ಅನ್ನುತ್ತದೆ. ಮುಗಿದ ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಜೊತೆಗೆ "ಅವನು ಇಷ್ಟೆಲ್ಲ ಮಾಡಿದ, ನೀನೇನು ಮಾಡಿದೆ" ಅನ್ನುವ ಹೊಸ ಕೊರಗು.

ಕನ್ನಡಿ ಮುಂದೆ ನಿಂತು "ನಾನು ಗೆದ್ದೇ ಗೆಲ್ಲುತ್ತೇನೆ" ಅಂತ ಹೇಳಿಕೊಳ್ಳುವುದೂ ಹಾಗೆಯೇ. ಕೆನಡಾದಲ್ಲಿ ಜೊಆನ್ ವುಡ್ ಅನ್ನುವ ಮನಃಶಾಸ್ತ್ರಜ್ಞೆ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತ್ತು. ತಮ್ಮ ಬಗ್ಗೆ ಮೊದಲೇ ಕೀಳರಿಮೆ ಇದ್ದವರು ಇಂಥ ಒಳ್ಳೆ ಮಾತು ಹೇಳಿಕೊಂಡಾಗ ಅವರಿಗೆ ಸಮಾಧಾನ ಆಗುವ ಬದಲು ಇನ್ನಷ್ಟು ಬೇಜಾರಾಯಿತು. ಯಾಕಂದ್ರೆ ಒಳಗಿನಿಂದ "ಸುಳ್ಳು" ಅಂತ ಉತ್ತರ ಬರುತ್ತದೆ.

ಕೆಟ್ಟ ಯೋಚನೆಯನ್ನು ಒತ್ತಿ ಹಿಡಿಯುವುದೂ ಆಗದ ಮಾತು. ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದ ವೈದ್ಯನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅಮೆರಿಕದ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಅದನ್ನೇ ಬಿಳಿ ಕರಡಿ ಇಟ್ಟುಕೊಂಡು ಪರೀಕ್ಷಿಸಿದರು. ಬಿಳಿ ಕರಡಿಯನ್ನು ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಅಂದರು. ಜನ ಬಾರಿಸಿದ್ದೇ ಬಾರಿಸಿದ್ದು. ಅಂಜನಾದ್ರಿ ಪಕ್ಕದಲ್ಲಿ ಇರುವ ನಮಗಂತೂ ಕೋತಿಯೇ ಸಾಕು.

ತರಬೇತಿ ಶಿಬಿರದ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಒಂದು ಊರಿನ ಹೋಟೆಲ್ ಹಾಲಿನಲ್ಲಿ ಎರಡು ದಿನ, 4,500 ರೂಪಾಯಿ. ಚಪ್ಪಾಳೆ ಹೊಡೆಸಿದರು, ಒಬ್ಬರನ್ನೊಬ್ಬರು ಅಪ್ಪಿಕೊಳ್ಳಲು ಹೇಳಿದರು, ಅಳಿಸಿದರು. ಊಟ ಚೆನ್ನಾಗಿತ್ತು. ಬುಧವಾರ ಬೆಳಗಿನ ಜಾವ ಮೂರಕ್ಕೆ ಮತ್ತೆ ಎಚ್ಚರವಾಯಿತು. ಈಗ ಯೋಚಿಸಲು ಆ 4,500ವೂ ಸೇರಿತ್ತು.

ನೋಟ್‌ಬುಕ್

ನನ್ನ ಒಲವು ಯಾವ ಕಡೆ ಅಂತ ಮುಚ್ಚಿಡಲ್ಲ. ಲೆಕ್ಕದವನಿಗೆ ಲೆಕ್ಕವೇ ಒಗ್ಗುತ್ತದೆ. 1960ರ ದಶಕದಲ್ಲಿ ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು ಒಂದು ವಿಷಯ ಗಮನಿಸಿದರು. ಖಿನ್ನತೆ ಇರುವವರ ತಲೆಯಲ್ಲಿ ಕೆಲವು ವಾಕ್ಯಗಳು ತಾವಾಗಿಯೇ ಮಿಂಚಿ ಹೋಗುತ್ತವೆ, ಅವರು ಅದನ್ನು ಪರೀಕ್ಷೆ ಮಾಡದೆ ನಿಜ ಅಂದುಕೊಂಡುಬಿಡುತ್ತಾರೆ. ಆ ವಾಕ್ಯವನ್ನು ಹಿಡಿದು ಹಾಳೆಯ ಮೇಲೆ ಇಟ್ಟು, ಪುರಾವೆ ಕೇಳುವುದೇ ಅವರು ಬೆಳೆಸಿದ ಚಿಕಿತ್ಸೆಯ ತಿರುಳು.

ನನ್ನ ಒಂದು ಪುಟ ತೋರಿಸುತ್ತೇನೆ. ಮಾರ್ಚ್ ಕೊನೆಯ ವಾರ, ಸಂಜೆ ಏಳು ಗಂಟೆ. ಸಾವ್ಕಾರರು ಹೊರಗೆ ಹೋಗುವಾಗ "ನಾಳೆ ಸ್ವಲ್ಪ ಕೂತು ಮಾತಾಡೋಣ" ಅಂದರು, ಅಷ್ಟೇ. ಮೊದಲ ಅಂಕಣದಲ್ಲಿ ಅದನ್ನು ಬರೆದೆ. ಎರಡನೆಯದರಲ್ಲಿ ತಲೆಗೆ ಬಂದದ್ದು: "ಕೆಲಸ ಹೋಯಿತು." ಎಷ್ಟು ನಂಬಿಕೆ? ನೂರಕ್ಕೆ 90. ಮೂರನೆಯದರಲ್ಲಿ ಈ ಮಾತಿಗೆ ಪುರಾವೆ: ಹೋದ ತಿಂಗಳು ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾಗಿ ದಂಡ ಕಟ್ಟಿದ್ದೇವೆ. ನಾಲ್ಕನೆಯದರಲ್ಲಿ ವಿರುದ್ಧ ಪುರಾವೆ. ಇಲ್ಲಿ ಪೆನ್ನು ನಿಂತೇ ಬಿಟ್ಟಿತು, ಐದು ನಿಮಿಷ ಏನೂ ತೋಚಲಿಲ್ಲ. ಆಮೇಲೆ ಬರೆದೆ: 14 ವರ್ಷದ ಕೆಲಸ. ತಿಜೋರಿಯ ಒಂದು ಬೀಗದಕೈ ಈಗಲೂ ನನ್ನ ಸೊಂಟದಲ್ಲೇ ಇದೆ. ಬಿಡಿಸುವವರು ವರ್ಷದ ಲೆಕ್ಕ ಮುಗಿಯುವ ಮುಂಚೆ ಬಿಡಿಸುತ್ತಾರಾ? ಬರೆದು ಮುಗಿಸಿ ಮತ್ತೆ ನಂಬಿಕೆ ಎಷ್ಟು ಅಂತ ಕೇಳಿಕೊಂಡೆ. 50. ಪೂರ್ತಿ ಹೋಗಲಿಲ್ಲ, ಆದರೆ ನಿದ್ದೆ ಬಂತು.

ಐದನೇ ಅಂಕಣ ನನ್ನದೇ ಸೇರ್ಪಡೆ: ಕೊನೆಗೆ ನಿಜವಾಗಿ ಆಗಿದ್ದೇನು? ಮರುದಿನ ಅವರು ಹೇಳಿದ್ದು, ಮಗಳ ಮದುವೆಯಲ್ಲಿ ಮುಯ್ಯಿ ಬರೆಯಲು ನೀನೇ ಕೂರಬೇಕು ಅಂತ.

ಈ ಐದನೇ ಅಂಕಣ ಬಿಡಬೇಡಿ. ಎರಡು ತಿಂಗಳು ತುಂಬಿದ ಮೇಲೆ ತಿರುವಿ ನೋಡಿದರೆ ನಿಮ್ಮ ಮನಸ್ಸಿನ ಭವಿಷ್ಯ ಎಷ್ಟು ಸಲ ಸುಳ್ಳಾಗಿದೆ ಅಂತ ನಿಮ್ಮದೇ ಅಕ್ಷರದಲ್ಲಿ ಸಿಗುತ್ತದೆ. ಕೆಲವು ಸಲ ನಿಜವೂ ಆಗಿರುತ್ತದೆ. ಅದನ್ನೂ ಬರೆಯಿರಿ, ಆಮೇಲೆ ಹೇಗೆ ನಿಭಾಯಿಸಿದಿರಿ ಅನ್ನುವುದನ್ನೂ ಬರೆಯಿರಿ.

ಹತ್ತು ಇಪ್ಪತ್ತು ರೂಪಾಯಿ, ದಿನಕ್ಕೆ ಕಾಲು ಗಂಟೆ, ಯಾರಿಗೂ ಗೊತ್ತಾಗಲ್ಲ. ಆದರೆ ನಾಲ್ಕನೇ ಅಳತೆಯಲ್ಲಿ ಇದು ಸೋಲುತ್ತದೆ. ತೀರಾ ಕುಸಿದ ದಿನ ಪೆನ್ನು ಹಿಡಿದರೆ ಪುರಾವೆಯೆಲ್ಲ ಒಂದೇ ಕಡೆ ಕಾಣುತ್ತದೆ, ಬರೆದದ್ದೇ ಬರೆದು ಇನ್ನೂ ಕಲಕುತ್ತದೆ. ಅದಕ್ಕೇ ಕಾಲು ಗಂಟೆಯ ಗಡಿ. ಮೀರಿದರೆ ಪುಸ್ತಕ ಮುಚ್ಚಿ ಎದ್ದುಬಿಡಿ. ಬರೆಯುವ ರೂಢಿ ತಪ್ಪಿದವರು ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿಕೊಂಡರೂ ನಡೆಯುತ್ತದೆ.

ನಡಿಗೆ ಮತ್ತು ಕೈಕೆಲಸ

ಕೆಟ್ಟ ದಿನಕ್ಕೆ ಇದು ವಾಸಿ. ತರ್ಕ ಸರಳ. ಮನಸ್ಸು ಸರಿಯಾದ ಮೇಲೆ ಎದ್ದು ಕೆಲಸ ಮಾಡೋಣ ಅಂತ ನಾವು ಕಾಯುತ್ತೇವೆ. ಮನಸ್ಸು ಬಿದ್ದಾಗ ಆಗುವುದು ಉಲ್ಟಾ. ಏನೂ ಮಾಡದೆ ಮಲಗಿದಷ್ಟೂ ಇನ್ನೂ ಬೀಳುತ್ತದೆ, ಸಣ್ಣದೊಂದು ಕೆಲಸ ಮುಗಿಸಿದರೆ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ. ಇದನ್ನೇ ಚಿಕಿತ್ಸೆಯಾಗಿ ಬೆಳೆಸಿದ ಮನಃಶಾಸ್ತ್ರಜ್ಞರಿದ್ದಾರೆ, ಖಿನ್ನತೆಗೆ ಅದು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆಯೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆ. ಅಂದರೆ ವಾರದಲ್ಲಿ ಐದು ದಿನ ಅರ್ಧ ಗಂಟೆ. ನಮ್ಮ ಬಿಸಿಲಿನಲ್ಲಿ ಏಪ್ರಿಲ್, ಮೇ ತಿಂಗಳು ಇದು ಬೆಳಗಿನ ಐದೂವರೆಗೆ ಮಾತ್ರ ಸಾಧ್ಯ. ರಾಯಚೂರಿನವರಿಗೆ ಕೋಟೆ ಸುತ್ತಮುತ್ತ, ಕೊಪ್ಪಳದವರಿಗೆ ಗವಿಮಠದ ಕಡೆ, ಬಳ್ಳಾರಿಯವರಿಗೆ ಕೋಟೆ ಗುಡ್ಡದ ಬುಡ ಇದೆ. ಅಂಜನಾದ್ರಿಯ 575 ಮೆಟ್ಟಿಲನ್ನು ಮೊದಲ ದಿನವೇ ಹತ್ತಲು ಹೋಗಬೇಡಿ. ಮೊಣಕಾಲು ಹಿಡಿದುಕೊಂಡು ಎರಡನೇ ದಿನವೇ ಮಲಗುತ್ತೀರಿ.

ಎರಡು ಎಚ್ಚರಿಕೆ. ದಿನವಿಡೀ ಮೂಟೆ ಹೊರುವ ಹಮಾಲರಿಗೆ, ಭತ್ತ ನಾಟಿ ಮಾಡುವ ಹೆಣ್ಣುಮಕ್ಕಳಿಗೆ "ವಾಕಿಂಗ್ ಹೋಗಿ" ಅನ್ನುವುದು ನಗೆಪಾಟಲು. ಅವರಿಗೆ ಬೇಕಾದದ್ದು ಮೈ ದಣಿಸುವುದಲ್ಲ, ಖುಷಿ ಕೊಡುವುದು ಒಂದು: ಅಂಗಳದಲ್ಲಿ ನಾಲ್ಕು ಗಿಡ, ಅಕ್ಕತಂಗಿಯರ ಜೊತೆ ಅರ್ಧ ಗಂಟೆ ಹರಟೆ. ಎರಡನೆಯದು, ಹೆಣ್ಣುಮಕ್ಕಳು ನಸುಕಿನಲ್ಲಿ ಒಬ್ಬರೇ ಹೊರಡುವುದು ಎಲ್ಲ ಓಣಿಗಳಲ್ಲೂ ಸುಲಭವಲ್ಲ. ಮೂವರು ಸೇರಿದರೆ ಆಗುತ್ತದೆ, ಇಲ್ಲದಿದ್ದರೆ ಮಾಳಿಗೆ ಇದೆ.

ಧ್ಯಾನ, ಉಸಿರು, ಭಜನೆ

ಉಸಿರಿನದ್ದು ಕಡಿಮೆ ಖರ್ಚಿನ ತುರ್ತು ಉಪಾಯ. ಒಳಗೆ ಎಳೆದುಕೊಳ್ಳುವುದಕ್ಕಿಂತ ಹೊರಗೆ ಬಿಡುವುದನ್ನು ನಿಧಾನ ಮಾಡಿ, ಐದು ನಿಮಿಷ. ಎದೆ ಹೊಡೆದುಕೊಳ್ಳುವುದು ತಗ್ಗುತ್ತದೆ. ಪರೀಕ್ಷೆಯ ಹಾಲಿನಲ್ಲೂ ಮಾಡಬಹುದು. ಯೋಚನೆ ಬದಲಾಗುವುದಿಲ್ಲ, ಯೋಚಿಸುವ ಮಟ್ಟಿಗೆ ಮೈ ತಣ್ಣಗಾಗುತ್ತದೆ.

ವಿಪಶ್ಯನ ಶಿಬಿರದ ಬಗ್ಗೆ ತುಂಬ ಜನ ಕೇಳುತ್ತಾರೆ. ಹತ್ತು ದಿನ, ಬೆಳಗ್ಗೆ ನಾಲ್ಕಕ್ಕೆ ಏಳಬೇಕು, ಮಾತಿಲ್ಲ, ಮೊಬೈಲ್ ಇಲ್ಲ, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು. ಶುಲ್ಕ ಇಲ್ಲ, ಮುಗಿದ ಮೇಲೆ ಇಷ್ಟವಿದ್ದರೆ ದಾನ. ನಮ್ಮ ಕಡೆಯಿಂದ ಹೋಗುವವರು ಬೆಂಗಳೂರಿಗೋ ಹೈದರಾಬಾದಿಗೋ ಹೋಗುತ್ತಾರೆ, ಆದ್ದರಿಂದ ಬಸ್ ಚಾರ್ಜು ಮತ್ತು ರಜೆ ಲೆಕ್ಕ ಹಾಕಿ. ಕೂಲಿಯವನಿಗೆ ಹತ್ತು ದಿನದ ಕೂಲಿ ಹೋದರೆ ಅದು ಪುಕ್ಕಟೆ ಅಲ್ಲ, ಅಲ್ವಾ? ಗಟ್ಟಿ ಮನಸ್ಸಿನವರಿಗೆ ಅದು ದೊಡ್ಡ ಅನುಭವ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಶಿಬಿರದವರೇ ಬೇಡ ಅನ್ನುತ್ತಾರೆ, ಅರ್ಜಿಯಲ್ಲಿ ಮುಚ್ಚಿಟ್ಟು ಹೋಗಬೇಡಿ. ಕಣ್ಣು ಮುಚ್ಚಿ ಕೂತ ಕೂಡಲೇ ಗಾಬರಿ ಜಾಸ್ತಿಯಾಗುವವರೂ ಇದ್ದಾರೆ. ಅದು ಅವರ ತಪ್ಪಲ್ಲ, ಆ ದಾರಿ ಅವರದ್ದಲ್ಲ.

ಭಜನೆಗೆ ನನ್ನ ಪಕ್ಷಪಾತ ಇದೆ. ನಮ್ಮ ಹಳ್ಳಿಗಳಲ್ಲಿ ಇನ್ನೂ ರಾತ್ರಿ ಗುಡಿಯಲ್ಲಿ ತತ್ವಪದ ಹಾಡುವವರಿದ್ದಾರೆ. ತಾಳ ಕೈಗೆ ಬಂದರೆ ತಾಳ ತಪ್ಪದಂತೆ ನೋಡಬೇಕು, ಆ ಒಂದು ಗಂಟೆ ಬೇರೆ ಯೋಚನೆಗೆ ಜಾಗ ಎಲ್ಲಿ? ಪಕ್ಕದಲ್ಲಿ ನಾಲ್ಕು ಜನ ಇರುತ್ತಾರೆ, ಎರಡು ದಿನ ಬರದಿದ್ದರೆ ಮನೆಗೆ ಬಂದು ಕೇಳುತ್ತಾರೆ. ಕೊರತೆ ಅಂದರೆ, ಅಲ್ಲಿ ನಿಮ್ಮ ಕಷ್ಟ ಹೇಳಿಕೊಂಡರೆ ಉತ್ತರ ಒಂದೇ: ದೇವರ ಮೇಲೆ ಭಾರ ಹಾಕು. ಕೆಲವು ಭಾರಕ್ಕೆ ಅದು ಸಾಕು, ಕೆಲವಕ್ಕೆ ಸಾಲದು.

ಫೋನ್, ಆಪ್ತಸಮಾಲೋಚಕರು, ಡಾಕ್ಟರು

"ನನಗೇನು ಹುಚ್ಚಾ?" ಅನ್ನುವ ಮಾತು ಇಲ್ಲಿ ಮೊದಲು ಬರುತ್ತದೆ. ಬಳ್ಳಾರಿ ಜಿಲ್ಲೆಯವರು ಹೀಗೆ ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ಅವರ ಊರಿನಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಔಷಧಿ ಕೊಡಬಹುದು ಅಂತ ತೋರಿಸಿದರು. ಅದನ್ನು ಬಳ್ಳಾರಿ ಮಾದರಿ ಅಂತಲೇ ಕರೆಯುತ್ತಾರೆ. 1996ರಲ್ಲಿ ಅದೇ ಮಾದರಿ ದೇಶದ ಬೇರೆ ಜಿಲ್ಲೆಗಳಿಗೆ ಹೋಯಿತು.

ಈಗ ಮೂರು ಮೆಟ್ಟಿಲು ಇವೆ. ಮೊದಲನೆಯದು ಟೆಲಿ ಮಾನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ್ದು. ಪುಕ್ಕಟೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಎಲ್ಲಿಗೂ ಹೋಗಬೇಕಿಲ್ಲ, ಯಾರೂ ನೋಡಲ್ಲ. ಕೊರತೆ ಏನೆಂದರೆ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆ ಅನ್ನುವ ಭರವಸೆ ಇಲ್ಲ, ಕಥೆಯನ್ನು ಮತ್ತೆ ಮೊದಲಿಂದ ಹೇಳಬೇಕಾಗಬಹುದು.

ಎರಡನೆಯದು ಸರ್ಕಾರಿ ಆಸ್ಪತ್ರೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಹೆಸರಿನಲ್ಲಿ ಮಂಗಳವಾರ ಮನೋವೈದ್ಯರು ಬಂದು ನೋಡುವ ಏರ್ಪಾಡು ಇದೆ. ಹೊರಡುವ ಮುಂಚೆ ಆಸ್ಪತ್ರೆಗೆ ಕೇಳಿಕೊಂಡು ಹೋಗಿ. ಬಳ್ಳಾರಿಯ ಜನ ಈಗಲೂ ವಿಮ್ಸ್ ಅನ್ನುವ ಮೆಡಿಕಲ್ ಕಾಲೇಜು, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಮೂರೂ ಕಡೆ ಮನೋರೋಗ ವಿಭಾಗ ಇದೆ. ಕೊಪ್ಪಳದವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಕೂಡ ರೈಲಿನ ದಾರಿ. ಚೀಟಿಗೆ ಕೊಡುವ ದುಡ್ಡು ಚಹಾದ ಖರ್ಚಿನಷ್ಟು. ಕೊಡಬೇಕಾದದ್ದು ಅರ್ಧ ದಿನ, ಮತ್ತು ಸಾಲಿನಲ್ಲಿ ಪರಿಚಯದವರು ಕಾಣಿಸಿದರೆ ಎದುರಿಸುವ ಧೈರ್ಯ.

ಮೂರನೆಯದು ಖಾಸಗಿ. ಒಂದು ಭೇಟಿಗೆ ಕೆಲವು ನೂರು ರೂಪಾಯಿ, ಔಷಧಿ ಬೇರೆ. ಕೂತು ಮಾತಾಡುವ ಚಿಕಿತ್ಸೆಯಾದರೆ ವಾರಕ್ಕೊಮ್ಮೆಯಂತೆ ಹಲವು ವಾರ ಹೋಗಬೇಕು. ದುಡ್ಡು ಎಣಿಸಿಕೊಂಡೇ ಶುರು ಮಾಡಿ. ಅರ್ಧಕ್ಕೆ ಬಿಟ್ಟರೆ ಕೊಟ್ಟದ್ದೂ ದಂಡ.

ಡಾಕ್ಟರ ಬಳಿ ಹೋದರೆ ಇನ್ನೊಂದು ಲಾಭ ಇದೆ. ಥೈರಾಯ್ಡ್, ರಕ್ತ ಕಡಿಮೆ, ಬಿ12 ಕೊರತೆ, ಇವೂ ಮನಸ್ಸನ್ನು ಕುಗ್ಗಿಸುತ್ತವೆ. ರಕ್ತ ಪರೀಕ್ಷೆಯಲ್ಲಿ ಸಿಗುವ ಕಾರಣಕ್ಕೆ ವರ್ಷಗಟ್ಟಲೆ ಹಣೆಬರಹವನ್ನು ಬೈಯ್ಯುವುದು ಯಾಕೆ? ಖಿನ್ನತೆಯ ಮಾತ್ರೆ ಕೊಟ್ಟರೆ ಗುಣ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಒಂದು ವಾರಕ್ಕೇ "ಇದು ಆಗಲ್ಲ" ಅಂತ ಬಿಡಬೇಡಿ, ಸ್ವಲ್ಪ ಗುಣವಾದ ಕೂಡಲೇ ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ. ಮೆಡಿಕಲ್ ಶಾಪಿನಲ್ಲಿ ಹೇಳಿ ನಿದ್ದೆ ಮಾತ್ರೆ ತರುವುದು ಬೇರೆ ಕಥೆ. ಅದು ಚಟ ಹಿಡಿಸುತ್ತದೆ, ಮುಟ್ಟಬೇಡಿ.

ಯಾವಾಗ ಹೋಗಬೇಕು? ಎರಡು ವಾರ ಹೆಚ್ಚುಕಡಿಮೆ ದಿನಾಲೂ ಬೇಜಾರು, ಯಾವುದರಲ್ಲೂ ರುಚಿ ಇಲ್ಲ, ಊಟ ನಿದ್ದೆ ಕೆಟ್ಟಿದೆ, ಕೆಲಸ ಕೈಗೆ ಹತ್ತುತ್ತಿಲ್ಲ. ಹೀಗಿದ್ದರೆ ನೋಟ್‌ಬುಕ್ಕು, ವಾಕಿಂಗು ಆಮೇಲೆ. ಮೊದಲು ಡಾಕ್ಟರು. ಹೆರಿಗೆಯಾದ ಬಾಣಂತಿಗೆ ಹೀಗಾದರೆ ಎರಡು ವಾರವೂ ಕಾಯುವುದು ಬೇಡ ಅನ್ನುತ್ತೇನೆ.

ಆ ಮೂವರಿಗೆ ಹೇಳಿದ್ದು

ತೋರಣಗಲ್ಲಿನ ಅಳಿಯನಿಗೆ ರಾತ್ರಿ ಪಾಳಿ. ಹಗಲು ನಾಲ್ಕು ಗಂಟೆ ನಿದ್ದೆ, ಅದೂ ತಗಡಿನ ಮನೆಯಲ್ಲಿ. ಅವನಿಗೆ ನಾನು ಯಾವ ದಾರಿಯನ್ನೂ ಹೇಳಲಿಲ್ಲ, ಕಿಟಕಿಗೆ ದಪ್ಪ ಪರದೆ ಹಾಕಿಸು ಅಂದೆ. ನಿದ್ದೆಗೆಟ್ಟ ತಲೆಗೆ ಎಲ್ಲವೂ ಕೆಟ್ಟದಾಗೇ ಕಾಣುತ್ತದೆ. ಪಾಳಿಯ ನಡುವೆ ರಾತ್ರಿ ಎರಡಕ್ಕೆ ತಲೆ ಕೆಟ್ಟರೆ ಅಂತ 14416 ಅನ್ನು ಅವನ ಫೋನಿನಲ್ಲಿ ಸೇವ್ ಮಾಡಿಕೊಟ್ಟೆ. "ಮಾನಸ ಅಕ್ಕ" ಅಂತ ಹೆಸರು ಅವನೇ ಹಾಕಿಕೊಂಡ.

ಕಾರಟಗಿಯವರ ಕಥೆ ಬೇರೆ. ಮಾತಾಡುತ್ತಾ ಹೋದಂತೆ ತಿಂಗಳಿಂದ ಊಟ ಸರಿಯಾಗಿ ಸೇರುತ್ತಿಲ್ಲ, ಹೊಲದ ಕಡೆ ಹೋಗಿಲ್ಲ ಅಂತ ಗೊತ್ತಾಯಿತು. ಸಾಲ ಎಷ್ಟು ಅಂತ ಕೇಳಿದರೆ "ಬಾಳ ಐತ್ರಿ" ಅನ್ನುತ್ತಾರೆ, ಅಂಕಿ ಹೇಳಲ್ಲ. ಒಂದು ಹಾಳೆ ತೆಗೆದು ಬ್ಯಾಂಕು, ಸೊಸೈಟಿ, ಕೈಸಾಲ, ಗೊಬ್ಬರದ ಅಂಗಡಿ ಅಂತ ಬರೆಸಿದೆ. ಮೊತ್ತ ಅವರು ತಲೆಯಲ್ಲಿ ಇಟ್ಟುಕೊಂಡಿದ್ದಕ್ಕಿಂತ ಕಡಿಮೆ ಬಂತು. ಸಣ್ಣದೇನಲ್ಲ, ಆದರೆ ಕಡಿಮೆ. ಮಂಗಳವಾರ ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಈಗ ಮಾತ್ರೆ ನಡೆಯುತ್ತಿದೆ. ಎಣ್ಣೆ ಡಬ್ಬಿ ಅವರ ತಮ್ಮನ ಮನೆಯಲ್ಲಿದೆ.

ಹುಡುಗಿಗೆ ಊಟ ನಿದ್ದೆ ಸರಿ ಇದೆ, ಓದುತ್ತಾಳೆ. "ಈ ಸಲನೂ ಆಗಲ್ಲ" ಅನ್ನುವ ವಾಕ್ಯ ಮಾತ್ರ ಬಿಡುತ್ತಿಲ್ಲ. ದುಡ್ಡು ಕಡಿಮೆ, ರೂಮಿನಲ್ಲಿ ಮೂವರು. ಅವಳಿಗೆ ನೋಟ್‌ಬುಕ್ಕು, ಕೆಟ್ಟ ದಿನಕ್ಕೆ ಮಾಳಿಗೆ ಮೇಲೆ ಇಪ್ಪತ್ತು ನಿಮಿಷ. ಮೂರು ವಾರ ನೋಡು, ಆಗದಿದ್ದರೆ ರಿಮ್ಸ್‌ಗೆ ಹೋಗೋಣ ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು: "ಕಾಕಾ, ರೂಲ್ ಇರೋ ಪುಸ್ತಕ ತಗೋಬೇಕೋ, ಪ್ಲೇನೋ?"

ರೂಲ್ ಇರೋದು ತಗೋ ಅಂದೆ. ಅಂಕಣ ಹಾಕಲು ಸಲೀಸು.